ಹಾಳೆಯ ಕೆಳಗಿನ ಆರು ಅಕ್ಷರ

ತೊಳೆದಿಟ್ಟ ಊಟದ ತಟ್ಟೆಯನ್ನು ತಿರುಗಿ ಕೈಗೆತ್ತಿಕೊಂಡು ಅಂಗೈಯಿಂದ ಮೆಲ್ಲಗೆ ಸವರಿ ನೋಡುವ ಗಂಡಸನ್ನು ನೀವು ಕಂಡಿರಲಾರಿರಿ. ಹಾಳೆಯಣ್ಣ ಅಂಥವನು. ತಟ್ಟೆ ಒಂದೇ ಆಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಮೇಜು, ಬಾಗಿಲು, ಬಚ್ಚಲಿನ ಗೋಡೆ, ಮಲಗುವ ಮುಂಚೆ ಹೊದಿಕೆ, ಎಲ್ಲವನ್ನೂ ಸವರುತ್ತಾನೆ. ಹೆಂಡತಿ ಮೊದಲು ನಕ್ಕಳು, ಆಮೇಲೆ ರೇಗಿದಳು, ಈಗ ಹೆದರಿದ್ದಾಳೆ. "ಏನು ಹುಡುಕ್ತಿದೀರಿ?" ಎಂದು ದಿನಕ್ಕೊಮ್ಮೆಯಾದರೂ ಕೇಳುತ್ತಾಳೆ. "ಏನಿಲ್ಲ ಕಣೆ" ಎನ್ನುತ್ತಾನೆ. ಈ ಪ್ರಶ್ನೆಗೂ ಈ ಉತ್ತರಕ್ಕೂ ಹದಿನಾಲ್ಕು ತಿಂಗಳಾಯಿತು.

ಹಾಳೆಯಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಸುಬು ಇಟ್ಟದ್ದು. ಅವನು ಕಾರಿಗೆ ವಿನೈಲ್ ಎಂಬ ಪ್ಲಾಸ್ಟಿಕ್ ಹಾಳೆ ಅಂಟಿಸುವವನು. ಅದರಲ್ಲೂ ಕಾರ್ಬನ್ ಫೈಬರಿನ ಹಾಗೆ ಕಾಣುವ ಕರಿ ಹಾಳೆ ಅಂಟಿಸುವುದರಲ್ಲಿ ಎತ್ತಿದ ಕೈ. ಚಾಪೆ ಹೆಣೆದಂತೆ ಸಣ್ಣ ಸಣ್ಣ ನೇಯ್ಗೆ, ಬೆಳಕು ಬಿದ್ದರೆ ಒಂದು ಎಳೆ ಕಪ್ಪು, ಒಂದು ಎಳೆ ಬೂದಿ. ನಿಜವಾದ ಕಾರ್ಬನ್ ಫೈಬರನ್ನು ಕಣ್ಣಾರೆ ಕಂಡವರು ಅವನ ಗಿರಾಕಿಗಳಲ್ಲಿ ಒಬ್ಬರೂ ಇರಲಿಲ್ಲ. ಸತ್ಯ ಹೇಳಬೇಕೆಂದರೆ ಅವನೂ ಕಂಡಿರಲಿಲ್ಲ. ಓಟದ ಕಾರುಗಳಿಗೆ ಹಾಕುವ ದುಬಾರಿ ವಸ್ತುವಂತೆ ಎಂದು ಕೇಳಿದ್ದಷ್ಟೇ. ಆದರೆ ವೇಷಕ್ಕೆ ಮೂಲ ಯಾಕೆ ಬೇಕು? ತರಕಾರಿ ಸಾಗಿಸುವ ಮುದಿ ಕಾರಿನವನಿಗೂ ಡ್ಯಾಶ್‌ಬೋರ್ಡಿನ ಪಟ್ಟಿ, ಬಾಗಿಲ ಹಿಡಿಕೆಯ ಸುತ್ತು, ಗೇರಿನ ಬುಡ, ಇಷ್ಟಾದರೂ ಓಟದ ಕಾರಿನಂತೆ ಕಾಣಬೇಕು. ಹೊರಗೆ ತುಕ್ಕು ಹಿಡಿದಿರಲಿ, ಒಳಗೆ ಕುಳಿತಾಗ ದೊರೆ.

ಈ ಕೆಲಸದಲ್ಲಿ ಅರ್ಧ ಅಂಟಿಸುವುದು, ಅರ್ಧ ಸವರುವುದು. ಭಾಗವನ್ನು ಬಿಚ್ಚಿ, ಸ್ಪಿರಿಟ್ಟಿನಲ್ಲಿ ಒರೆಸಿ, ಆಮೇಲೆ ಬರಿಗೈಯಿಂದ ಒಮ್ಮೆ ಸವರಬೇಕು. ಹಾಳೆ ಬಲು ತೆಳು, ಚಾಡಿಕೋರನಂಥದ್ದು, ಕೆಳಗೆ ಏನಿದೆಯೋ ಅದನ್ನು ಮೇಲೆ ಹೇಳಿಯೇ ತೀರುತ್ತದೆ. ಒಂದು ಕೂದಲು ಉಳಿದರೂ ಹಾವು ಮಲಗಿದಂತೆ ಎದ್ದು ಕಾಣುತ್ತದೆ. ಕಣ್ಣಿಗೆ ಬೀಳದ ಧೂಳು ಅಂಗೈಗೆ ಸಿಗುತ್ತದೆ. ಹಾಳೆಯಣ್ಣನಿಗೆ ಇದನ್ನೆಲ್ಲ ಕಲಿಸಿದವನು ಅವನ ಅಕ್ಕನ ಗಂಡ, ಭಾವ. ಮಂಡಿನೋವು ಬಂದು ಅಂಗಡಿಯನ್ನು ಬಾಮೈದನಿಗೆ ಬಿಟ್ಟುಕೊಡುವಾಗ ಆ ಮನುಷ್ಯ ಹೇಳಿದ್ದು ಒಂದೇ ಮಾತು. "ಅಕ್ಷರ ಇದ್ದಲ್ಲಿ ಹಾಳೆ ಇಲ್ಲ. ನೆನಪಿರಲಿ."

ಅಕ್ಷರ ಎಂದರೆ, ಚಾಲಕನ ಪಕ್ಕದ ಸೀಟಿನ ಎದುರು ಡ್ಯಾಶ್‌ಬೋರ್ಡಿನ ಪಟ್ಟಿಯಲ್ಲಿ ತಗ್ಗಾಗಿ ಒತ್ತಿರುವ ಆರು ಇಂಗ್ಲಿಷ್ ಅಕ್ಷರ, ಏರ್‌ಬ್ಯಾಗ್ ಎಂದು. ಅದರ ಹಿಂದೆ ಗಾಳಿ ತುಂಬಿಕೊಳ್ಳುವ ಚೀಲ ಮಡಚಿಟ್ಟಿರುತ್ತದೆ. ಡಿಕ್ಕಿಯಾದರೆ ರೆಪ್ಪೆ ಬಡಿಯುವುದರೊಳಗೆ ಅದು ಉಬ್ಬಿ ಹೊರಗೆ ಬರಬೇಕು. ಬರುವುದಕ್ಕೆ ದಾರಿಯಾಗಲಿ ಎಂದು ಪಟ್ಟಿಯ ಹಿಂಬದಿಯಲ್ಲಿ ತೆಳ್ಳಗೆ ಒಂದು ಗೆರೆ ಕೊರೆದಿರುತ್ತಾರೆ. ಪಟ್ಟಿ ಆ ಗೆರೆಯಲ್ಲಿ ಸೀಳಬೇಕು. ಮೇಲೆ ಹಾಳೆ ಬಿಗಿದು ಕೂತಿದ್ದರೆ ಹೇಗೆ ಸೀಳುತ್ತದೋ, ಯಾವ ಕಡೆ ಸೀಳುತ್ತದೋ ಯಾರಿಗೆ ಗೊತ್ತು? ಅದಕ್ಕೆ ಭಾವ ಆ ಜಾಗ ಬಂದಾಗ ಹಾಳೆಯನ್ನು ಅಲ್ಲಿಗೇ ನಿಲ್ಲಿಸಿ, ಅಷ್ಟು ಭಾಗವನ್ನು ಬೋಳಾಗಿ ಬಿಡುತ್ತಿದ್ದ. ಗಿರಾಕಿಗಳು ಮೂಗು ಮುರಿಯುತ್ತಿದ್ದರು. "ತೇಪೆ ಹಾಕಿದ ಹಾಗಿದೆ" ಎನ್ನುತ್ತಿದ್ದರು. "ಮೂಗು ಮುರೀಲಿ, ತಲೆ ಒಡೆಯೋದು ಬೇಡ" ಎನ್ನುತ್ತಿದ್ದ ಭಾವ.

ಹಾಳೆಯಣ್ಣ ಈ ನಿಯಮವನ್ನು ಒಂಬತ್ತು ವರ್ಷ ಪಾಲಿಸಿದ. ಒಂದೇ ಒಂದು ಸಲ ಮುರಿದ.

ಆ ಕಾರು ಕನ್ನಡಕದಂಗಡಿಯವರದ್ದು. ಗಂಡ ಅಂಗಡಿಯ ಮುಂದೆ ಕುಳಿತು ಕಣ್ಣು ಪರೀಕ್ಷಿಸುತ್ತಿದ್ದ, ಹೆಂಡತಿ ಒಳಗೆ ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಿದ್ದಳು. ಕಾರು ತಂದದ್ದು ಅವಳೇ. ಹಾಳೆಯಣ್ಣ ತೋರಿಸಿದ ಮಾದರಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೆರಳಾಡಿಸಿ, ಐದರಲ್ಲಿ ಒಂದನ್ನು ಆರಿಸಿದಳು. ಅದೇ ಐದರಲ್ಲಿ ಒಳ್ಳೆಯದು. ತನ್ನಂತೆ ಬೆರಳಿನಿಂದ ನೋಡಬಲ್ಲ ಒಂದು ಜೀವ ಸಿಕ್ಕಿತಲ್ಲ ಎಂದು ಹಾಳೆಯಣ್ಣ ಉಬ್ಬಿದ. ಉಬ್ಬಿದವನಿಗೆ ಬುದ್ಧಿ ಎಲ್ಲಿ? ಇಂಥವರ ಕಾರಿಗೆ ತೇಪೆ ಹಾಕಿದಂಥ ಕೆಲಸ ಮಾಡಿಕೊಡಬಾರದು, ನೇಯ್ಗೆ ಆ ತುದಿಯಿಂದ ಈ ತುದಿಗೆ ಒಂದೇ ಸಮ ಹರಿಯಬೇಕು ಎಂದು ಮನಸ್ಸಿಗೆ ಬಂತು. ಅಂದು ಆ ಅಕ್ಷರಗಳ ವಿಷಯ ಅವರಿಬ್ಬರ ನಡುವೆ ಒಂದು ಮಾತೂ ಆಯಿತು. ಆ ಮಾತನ್ನು ಅವನು ಇದುವರೆಗೆ ಯಾರಿಗೂ ಹೇಳಿಲ್ಲ, ಕಟ್ಟಿಕೊಂಡ ಹೆಂಡತಿಗೂ.

ಅವಳು ಹೋದ ಮೇಲೆ ಅವನು ಆರು ಅಕ್ಷರದ ತಗ್ಗುಗಳಿಗೂ ಒಣಗಿದರೆ ಗಟ್ಟಿಯಾಗುವ ಬಿಳಿ ಪುಟ್ಟಿ ಹಿಟ್ಟು ತುಂಬಿದ. ಒಣಗಿಸಿದ, ಉಜ್ಜಿದ, ಸವರಿದ. ಕನ್ನಡಿಯಂತೆ ನುಣುಪು. ಅದರ ಮೇಲೆ ಬಿಸಿಗಾಳಿ ಊದುವ ಹೀಟ್ ಗನ್ನು ಹಿಡಿದು, ಎಳೆದು, ಅಂಚನ್ನು ಹಿಂದಕ್ಕೆ ಬಲವಾಗಿ ಮಡಚಿ ಹಾಳೆ ಕೂರಿಸಿದ. ಮರುದಿನ ಅವಳು ಬಂದು ಪಕ್ಕದ ಸೀಟಿನಲ್ಲಿ ಕುಳಿತು ಆ ಜಾಗವನ್ನು ಬೆರಳಿನಿಂದ ತಡಕಿದಳು. ಮತ್ತೆ ತಡಕಿದಳು.

"ಎಲ್ಲಿ ಹೋಯ್ತು ಅಣ್ಣ?"

"ಹುಡುಕಿ ನೋಡಿ" ಎಂದ ಹಾಳೆಯಣ್ಣ, ಕೈಕಟ್ಟಿ ನಿಂತು.

ಅವಳು ಕಣ್ಣು ಮುಚ್ಚಿಕೊಂಡು ಅಂಗೈ ಇಟ್ಟು ಸವರಿದಳು. ಸಿಗಲಿಲ್ಲ. ನಕ್ಕಳು. ಆ ನಗುವಿನಲ್ಲಿ ಸ್ವಲ್ಪ ಹಿಂಜರಿಕೆ ಇತ್ತೆಂಬುದು ಅವನಿಗೆ ಕಂಡಿತ್ತು. ಕಂಡೂ ಕಾಣದವನಂತೆ ಇದ್ದ.

ಏಳು ವಾರ ಕಳೆದಿರಬಹುದು. ಪಕ್ಕದ ಗ್ಯಾರೇಜಿನಲ್ಲಿ ಕಾರಿನ ಡೊಂಕು ಬಡಿದು ನೇರ ಮಾಡುವ ಡೆಂಟರ್ ಟೀ ಲೋಟ ಹಿಡಿದುಕೊಂಡು ಬಂದು ಬಾಗಿಲಿಗೆ ಒರಗಿದ. "ಕನ್ನಡಕದವರ ಕಾರು ನೀನೇ ಅಲ್ವೇನೋ ಮಾಡಿದ್ದು? ಹೋಯ್ತು ಕಣೋ. ಲಾರಿ ಬಂದು ಗುದ್ದಿದೆ. ಗಂಡನಿಗೆ ಕೈ ಮುರಿದಿದೆ ಅಷ್ಟೆ. ಪಾಪ, ಆ ಹೆಣ್ಣುಮಗಳು ಉಳೀಲಿಲ್ಲ. ಆ ಕಡೆ ಚೀಲ ಸರಿಯಾಗಿ ಬಿಚ್ಚಿಕೊಳ್ಳಲಿಲ್ಲವಂತೆ."

"ಹೌದಾ" ಎಂದ ಹಾಳೆಯಣ್ಣ. ಎಂದು, ಕೈಯಲ್ಲಿದ್ದ ಬಾಗಿಲಪಟ್ಟಿಯನ್ನು ಒರೆಸಿ, ಅಭ್ಯಾಸದಂತೆ ಅಂಗೈಯಿಂದ ಸವರಿದ. ನಯವಾದ, ಹೊಚ್ಚ ಹೊಸ ಪಟ್ಟಿ. ಅದರ ನಟ್ಟನಡುವೆ ಅಂಗೈಗೆ ಆರು ತಗ್ಗುಗಳು ತಾಗಿದವು. ಒಂದರ ಪಕ್ಕ ಒಂದು, ಅದೇ ಸಾಲಿನಲ್ಲಿ. ಬಗ್ಗಿ ನೋಡಿದರೆ ಏನೂ ಇಲ್ಲ. ಕಣ್ಣು ಮುಚ್ಚಿ ಸವರಿದರೆ ಇವೆ.

ಅಂದಿನಿಂದ ಅವು ಅವನನ್ನು ಬಿಡಲಿಲ್ಲ. ಊಟದ ತಟ್ಟೆಯಲ್ಲಿ ಇದ್ದವು. ಗಡ್ಡ ಹೆರೆದ ಮೇಲೆ ತನ್ನದೇ ಕೆನ್ನೆಯಲ್ಲಿ ಇದ್ದವು. ಒಂದು ಸಲ ಮಗ್ಗುಲಾದ ಹೆಂಡತಿಯ ಬೆನ್ನ ಮೇಲೆ ಕೈಯಿಟ್ಟರೆ ಅಲ್ಲಿಯೂ, ರವಿಕೆಯ ಬಟ್ಟೆಯ ಕೆಳಗೆ, ಮೊದಲನೆಯದು, ಎರಡನೆಯದು, ಮೂರನೆಯದು. ಅವನು ಕೈ ಹಿಂದಕ್ಕೆ ಎಳೆದುಕೊಂಡ ರಭಸಕ್ಕೆ ಅವಳು ಎದ್ದು ಕುಳಿತಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಈ ಹುಣ್ಣು ಕನ್ನಡಿಗೂ ಕಾಣುತ್ತಿರಲಿಲ್ಲ, ಅಂಗೈಗೆ ಮಾತ್ರ ಗೊತ್ತಿತ್ತು.

ನಗು ಬರಿಸುವ ಸಂಗತಿ ಎಂದರೆ, ಇದರಿಂದ ಅವನ ಹೆಸರು ಇನ್ನೂ ಮೇಲೇರಿತು. ಒಂದೊಂದು ಪಟ್ಟಿಯನ್ನೂ ಮೂರು ಸಲ, ನಾಲ್ಕು ಸಲ ಉಜ್ಜುತ್ತಿದ್ದ, ಅಂಟಿಸಿದ್ದನ್ನು ಕಿತ್ತು ಮತ್ತೆ ಅಂಟಿಸುತ್ತಿದ್ದ. "ಕೆಲಸ ಅಂದ್ರೆ ಹಾಳೆಯಣ್ಣಂದು, ತಪಸ್ಸು ಮಾಡಿದ ಹಾಗೆ ಮಾಡ್ತಾನೆ" ಎಂದು ಜನ ಹೇಳಿಕೊಂಡು ಓಡಾಡಿದರು. ಭೂತ ಹಿಡಿದವನನ್ನು ತಪಸ್ವಿ ಎಂದು ಕರೆಯುವವರು ಎಲ್ಲ ಊರಲ್ಲೂ ಇರುತ್ತಾರೆ.

ಭಾವನಿಗೆ ಹೇಳಿಬಿಡೋಣವೆಂದು ಎರಡು ಸಲ ಹೊರಟ. ಮೊದಲ ಸಲ ದಾರಿಯಲ್ಲೇ ತಿರುಗಿ ಬಂದ. ಎರಡನೆಯ ಸಲ ಮನೆಯವರೆಗೂ ಹೋಗಿ, ಅಕ್ಕ ಬಡಿಸಿದ್ದನ್ನು ಉಂಡು, ಭಾವನ ಮಂಡಿಗೆ ಎಣ್ಣೆ ತಿಕ್ಕಿ ಬಂದ. ತಿಕ್ಕುವಾಗ ಮಂಡಿಯ ಮೇಲೂ ಸಿಕ್ಕವು. ಚೀಲ ಬಿಚ್ಚಿಕೊಳ್ಳದಿರುವುದಕ್ಕೆ ನೂರು ಕಾರಣ ಇರಬಹುದು, ಹಾಳೆಯೇ ಕಾರಣ ಎಂದು ಯಾರು ಕಂಡಿದ್ದಾರೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಆ ಪಟ್ಟಿಯನ್ನು ಒಮ್ಮೆ ನೋಡಿದರೆ ತಿಳಿಯುತ್ತಿತ್ತು. ಗೆರೆಯ ಮೇಲೆ ಸೀಳಿದ್ದರೆ ಅವನು ಬದುಕಿದ. ಬೇರೆಡೆ ಸೀಳಿದ್ದರೆ... ನೋಡದಿರುವುದೇ ವಾಸಿ ಎಂದುಕೊಂಡ. ಆದರೆ ಕಾಣದ್ದನ್ನು ಕೈ ಬಿಡಬೇಕಲ್ಲ.

ಹದಿನಾಲ್ಕು ತಿಂಗಳ ಮೇಲೆ ಒಂದು ಬೆಳಿಗ್ಗೆ, ಹನ್ನೊಂದರ ಸುಮಾರಿಗೆ, ಅಂಗಡಿಯ ಮುಂದೆ ಒಂದು ಹಳೆಯ ಬೆಳ್ಳಿ ಬಣ್ಣದ ಕಾರು ನಿಂತಿತು. ಇಳಿದವನು ಕನ್ನಡಕದಂಗಡಿಯವನು. ಎಡಗೈ ಸ್ವಲ್ಪ ಡೊಂಕಾಗಿ ಕೂಡಿತ್ತು. ಕಂಕುಳಲ್ಲಿ ಏನೋ ಒಂದು ಉದ್ದನೆಯ ವಸ್ತು, ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಗಳನ್ನು ಸೇರಿಸಿ ಹೊಲಿದ ಚೀಲದಲ್ಲಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಆತ ಇನ್ನೂ ಬಾಯಿ ತೆರೆದಿರಲಿಲ್ಲ, ಹಾಳೆಯಣ್ಣ ಆಗಲೇ ಅಂಗೈಯನ್ನು ಪ್ಯಾಂಟಿಗೆ ಉಜ್ಜಿಕೊಳ್ಳುತ್ತಿದ್ದ.

"ಚೆನ್ನಾಗಿದೀರಾ ಅಣ್ಣ?" ಎಂದ ಬಂದವನು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಭಯವಾಯಿತು.

"ಬನ್ನಿ, ಕೂತ್ಕೊಳ್ಳಿ."

ಆತ ಕೂರಲಿಲ್ಲ. ಚೀಲದಿಂದ ವಸ್ತುವನ್ನು ತೆಗೆದು ಕೆಲಸದ ಮೇಜಿನ ಮೇಲೆ ಇಟ್ಟ. ಅದೇ ಪಟ್ಟಿ. "ಗುಜರಿಗೆ ಹೋಗೋ ಮುಂಚೆ ಇದೊಂದನ್ನ ಬಿಚ್ಚಿಸಿ ಇಟ್ಕೊಂಡೆ. ಅವಳು ಆರಿಸಿದ ಹಾಳೆ. ಈಗ ಈ ಕಾರು ತಗೊಂಡಿದೀನಿ. ಈ ಹಾಳೇನ ಇದರಿಂದ ಎಬ್ಬಿಸಿ ಅದಕ್ಕೆ ಹಾಕಿಕೊಡಿ. ಇದೇ ಜಾಗಕ್ಕೆ."

ಹಾಳೆಯಣ್ಣನ ಕಿವಿಗೆ ಅರ್ಧ ಮಾತು ಬಿತ್ತೋ ಇಲ್ಲವೋ. ಅವನ ಕಣ್ಣು ಪಟ್ಟಿಯ ಮೇಲಿತ್ತು. ಬೇರೆಯವರಿಗೆ ಅದು ಒಡೆದ ಪ್ಲಾಸ್ಟಿಕ್, ಅವನಿಗೆ ಬರೆದಿಟ್ಟ ಪತ್ರ. ಹಿಂದಿನ ಗೆರೆಯ ಮೇಲೆ ಸೀಳೇ ಇರಲಿಲ್ಲ. ಪಟ್ಟಿ ಹರಿದದ್ದು ಬಲ ತುದಿಯಲ್ಲಿ, ಹಾಳೆ ಎಲ್ಲಿಗೆ ಮುಗಿದಿತ್ತೋ ಅದೇ ಅಂಚಿನಲ್ಲಿ. ಒಳಗಿದ್ದ ಗಾಳಿಚೀಲ ನೇರ ಬರಲು ದಾರಿ ಸಿಗದೆ ಓರೆಯಾಗಿ ನುಗ್ಗಿ ಹೊರಬಿದ್ದಿತ್ತು. ಎದುರಿಗೆ ಕುಳಿತವಳನ್ನು ಅದು ಹಿಡಿಯಲೇ ಇಲ್ಲ. ನಡುವೆ ಅವನ ಹಾಳೆ ಒಂದು ಎಳೆಯೂ ಅಲುಗದೆ ಕೂತಿತ್ತು. ಅಷ್ಟು ಒಳ್ಳೆಯ ಕೆಲಸವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ.

"ಒಂದ್ಸಲ ಎಬ್ಬಿಸಿದ ಹಾಳೆ ಮತ್ತೆ ಕೂರಲ್ಲ ಸಾರ್" ಎಂದ, ದನಿ ತನ್ನದಲ್ಲವೆಂಬಂತೆ. "ಹಿಗ್ಗಿ ಹೋಗಿರುತ್ತೆ. ಅಂಟೂ ಸತ್ತಿರುತ್ತೆ."

"ಹಾಗಾದ್ರೆ ಇದೇ ತರಹದ್ದು ಹೊಸದು ಹಾಕಿ. ನೋಡಿ ಬನ್ನಿ."

ಹಾಳೆಯಣ್ಣ ಹೊರಗೆ ಹೋಗಿ ಬೆಳ್ಳಿ ಕಾರಿನ ಪಕ್ಕದ ಸೀಟಿನಲ್ಲಿ ಕುಳಿತ. ಕಾಲ ಬಳಿ ನೀರಿನ ಬಾಟಲಿ, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ. ಸೀಟಿನ ಸಂದಿಯಲ್ಲಿ ಹುಡುಗಿಯರು ಕೂದಲಿಗೆ ಸಿಕ್ಕಿಸುವ ಹಳದಿ ಕ್ಲಿಪ್ಪು. ಈ ಸೀಟಿನಲ್ಲಿ ಈಗ ಅವರ ಮಗಳು ಕೂರುತ್ತಾಳೆ. ಅವನು ಎದುರಿನ ಪಟ್ಟಿಯ ಮೇಲೆ ಅಂಗೈ ಇಟ್ಟ. ಆರು ತಗ್ಗು ಸಿಕ್ಕವು. ಬಗ್ಗಿ ನೋಡಿದ. ಕಣ್ಣಿಗೂ ಕಂಡವು. ಹದಿನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಅಂಗೈ ಹೇಳಿದ್ದನ್ನು ಕಣ್ಣು ಒಪ್ಪಿತು. ಅಲ್ಲಿ ಅವನಿಗೆ ಅಳು ಬಂತು, ತಡೆದುಕೊಂಡ.

ಒಳಗೆ ಬಂದು ಹೇಳಿದ, "ಇದರ ಮೇಲೆ ಹಾಕಲ್ಲ ಸಾರ್. ಬೇರೆ ಎಲ್ಲಾ ಕಡೆ ಹಾಕಿಕೊಡ್ತೀನಿ. ಇದೊಂದು ಬಿಟ್ಟು."

"ಯಾಕೆ?"

"ಒಳಗೆ ಚೀಲ ಇರುತ್ತೆ. ಮುಚ್ಚಬಾರದು."

"ಅವತ್ತು ಮುಚ್ಚಿದ್ರಲ್ಲ."

ರಸ್ತೆಯಲ್ಲಿ ಯಾವುದೋ ಸ್ಕೂಟರು ಸ್ಟಾರ್ಟ್ ಆಗದೆ ಕೆಮ್ಮುತ್ತಿತ್ತು. ಹಾಳೆಯಣ್ಣ ಹೀಟ್ ಗನ್ ಎತ್ತಿಕೊಂಡ. ಬಾಯಲ್ಲಿ ಹೇಳಲು ಆಗದ್ದನ್ನು ಕೈಯಲ್ಲಿ ಹೇಳುವುದು ಕಸುಬಿನವರ ಚಾಳಿ. ಮುರಿದ ಪಟ್ಟಿಗೆ ಬಿಸಿ ಕೊಟ್ಟ. ಅಂಚು ಸಡಿಲಾಯಿತು. ಉಗುರಿನಿಂದ ಎಬ್ಬಿಸಿ ಮೆಲ್ಲಗೆ, ಗಾಯದ ಪಟ್ಟಿ ಬಿಚ್ಚಿದಂತೆ ಎಳೆಯುತ್ತ ಹೋದ. ಹಾಳೆ ಎದ್ದಿತು. ಅದರ ಬೆನ್ನಿನ ಅಂಟಿಗೆ ಹತ್ತಿಕೊಂಡು ಪುಟ್ಟಿಯೂ ಎದ್ದು ಬಂತು. ಕರಿ ಹಾಳೆಯ ಹಿಂಬದಿಯಲ್ಲಿ ಆರು ಬಿಳಿ ಅಕ್ಷರ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ. ಪಟ್ಟಿಯಲ್ಲಿ ಖಾಲಿ ತಗ್ಗುಗಳು.

ಕನ್ನಡಕದವನು ಎರಡನ್ನೂ ನೋಡಿದ. ಆಶ್ಚರ್ಯಪಡಲಿಲ್ಲ.

"ನಂಗೆ ಗೊತ್ತಿತ್ತು" ಎಂದ. "ಈ ಬೇಸಿಗೆ ಸೆಕೆಗೆ ಹಾಳೆ ಕೂದಲೆಳೆಯಷ್ಟು ಒಳಕ್ಕೆ ಕೂತ್ಕೊಳ್ತು. ಒಂದಿನ ಕೈಯಲ್ಲಿ ಹಿಡ್ಕೊಂಡು ಕೂತಿದ್ದಾಗ ಒಳಗಿಂದ ಏನೋ ಎದ್ದ ಹಾಗೆ ಕಾಣ್ತು. ಲೆನ್ಸ್ ಇಟ್ಟು ನೋಡಿದೆ. ಓದೋಕೆ ಬಂತು. ಆಮೇಲೆ ಇದನ್ನ ತಗೊಂಡು ಐದು ಅಂಗಡಿಗೆ ಹೋದೆ ಅಣ್ಣ. ಎಲ್ಲರಿಗೂ ಇದನ್ನೇ ಕೇಳಿದೆ, ಈ ಜಾಗಕ್ಕೆ ಹಾಳೆ ಹಾಕಿಕೊಡಿ ಅಂತ. ಐದು ಜನಾನೂ ಆಗಲ್ಲ ಅಂದ್ರು. ಯಾಕೆ ಅಂತಾನೂ ಹೇಳಿದ್ರು. ನಿಮ್ಮ ಹತ್ರ ಕೊನೆಗೆ ಬಂದೆ."

"ನಾನು ಹಾಕ್ತೀನಿ ಅಂದಿದ್ರೆ?"

"ಏನು ಮಾಡ್ತಿದ್ನೋ ಗೊತ್ತಿಲ್ಲ. ಅದಕ್ಕೇ ಮಗಳನ್ನ ಸ್ಕೂಲಿಗೆ ಬಿಟ್ಟು ಬಂದೆ."

ಹಾಳೆಯಣ್ಣ ಹೀಟ್ ಗನ್ನನ್ನು ಕೆಳಗಿಟ್ಟ. ಈಗ ಹೊಡೆದರೆ ಹೊಡೆಸಿಕೊಳ್ಳಬೇಕು ಎಂದು ನಿಂತ. ಆದರೆ ಆತ ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡ. ಕನ್ನಡಕ ಮಾರುವವನು ಕನ್ನಡಕವನ್ನು ಅಂಗಿಯಿಂದ ಒರೆಸಬಾರದು, ಅವನಿಗೆ ಗೊತ್ತಿಲ್ಲದ್ದಲ್ಲ.

"ಒಂದು ಕೇಳ್ತೀನಿ. ನಿಜ ಹೇಳಿ. ಅವಳು ಕೇಳಿದ್ಲಾ, ಇದನ್ನ ಮುಚ್ಚಿ ಅಂತ?"

ಹಾಳೆಯಣ್ಣ ಹೀಟ್ ಗನ್ನಿನ ವೈರು ಸುತ್ತತೊಡಗಿದ.

"ಅವಳಿಗೆ ಎಲ್ಲಾ ನುಣ್ಣಗಿರಬೇಕು. ಮನೇಲಿ ಗೋಡೆಗೆ ಒಂದು ಮೊಳೆ ಹೊಡೆದ್ರೆ ಸಹಿಸ್ತಿರಲಿಲ್ಲ. ನಿಮ್ಮಂಗಡಿಯಿಂದ ಕಾರು ತಂದ ದಿನ ನನ್ನ ಕರೆದು, 'ಅಕ್ಷರ ಹುಡುಕಿ ನೋಡೋಣ' ಅಂದ್ಲು. ನಾನು ಬೈದೆ. ಇದ್ದದ್ದನ್ನ ಇದ್ದ ಹಾಗೆ ಬಿಡೋಕೆ ನಿಂಗೇನು ರೋಗ ಅಂದೆ. ಯಾವ ಅಕ್ಷರ ಅಂತಾನೂ ಕೇಳಲಿಲ್ಲ. ಅವಳು ಏನೋ ಹೇಳೋಕೆ ಬಂದ್ಲು, ನಾನು ಕೇಳಿಸ್ಕೊಳ್ಳದೆ ಅಂಗಡಿಗೆ ಹೋದೆ." ಆತ ಮೇಜಿನ ಅಂಚನ್ನು ಹಿಡಿದುಕೊಂಡ. "ಲೆನ್ಸಲ್ಲಿ ಓದಿದ ಮೇಲೆ ನಂಗೆ ಒಂದೇ ಯೋಚನೆ. ತಾನೇ ಹೇಳಿ ಮಾಡಿಸ್ಕೊಂಡ್ಲಾ? ಚೆಂದಕ್ಕೋಸ್ಕರ ಮಗೂನ ಬಿಟ್ಟು ಹೋದ್ಲಾ? ಸತ್ತವಳ ಮೇಲೆ ಕೋಪ ಮಾಡ್ಕೊಂಡು ಮಲಗ್ತಿದೀನಿ ಅಣ್ಣ. ಅವಳ ಫೋಟೋ ತಿರುಗಿಸಿ ಇಟ್ಟಿದೀನಿ. ಮಗಳು ಬಂದು ನೆಟ್ಟಗೆ ಮಾಡ್ತಾಳೆ, ನಾನು ಮತ್ತೆ ತಿರುಗಿಸ್ತೀನಿ."

ಇಲ್ಲೊಂದು ಬಾಗಿಲು ತೆರೆದಿತ್ತು, ನೋಡಿ. 'ಹೌದು' ಎಂಬ ಎರಡು ಅಕ್ಷರದ ಬಾಗಿಲು. ಹೌದು ಸಾರ್, ಅವರೇ ಹಟ ಮಾಡಿದ್ರು, ನಾನು ಬೇಡ ಅಂದೆ. ಇಷ್ಟೆಂದರೆ ಸಾಕಿತ್ತು. ಆ ಹೊತ್ತು ಅಂಗಡಿಯಲ್ಲಿ ಮೂರನೆಯವರು ಇರಲಿಲ್ಲ, ಸತ್ತವರು ಸಾಕ್ಷಿ ಹೇಳಲು ಬರುವುದಿಲ್ಲ. ಎದುರು ನಿಂತವನು ಅರ್ಧ ನಂಬಿಯೇ ಬಂದಿದ್ದಾನೆ. ಅರೆ ನಂಬಿದವನಿಗೆ ಸುಳ್ಳು ಹೇಳುವುದು ಇಳಿಜಾರಿನಲ್ಲಿ ಗಾಡಿ ತಳ್ಳಿದಷ್ಟು ಸುಲಭ. ಹಾಳೆಯಣ್ಣನ ನಾಲಿಗೆಯ ತುದಿಗೆ ಆ ಮಾತು ಬಂದದ್ದೂ ನಿಜ. ಅವನನ್ನು ಒಳ್ಳೆಯವನನ್ನಾಗಿ ಮಾಡಲು ನಾನು ಸುಳ್ಳು ಹೇಳುವುದಿಲ್ಲ. ಇನ್ನೊಂದು ಕ್ಷಣವಾಗಿದ್ದರೆ ಆಡಿಬಿಡುತ್ತಿದ್ದ. ಆದರೆ ಆಸರೆಗೆಂದು ಅವನು ಅಂಗೈಯನ್ನು ಬರಿದಾದ ಪಟ್ಟಿಯ ಮೇಲೆ ಊರಿದ. ಆರು ತಗ್ಗುಗಳೂ ಅಂಗೈಗೆ ಒತ್ತಿದವು.

"ಇಲ್ಲ" ಎಂದ.

"ಏನು ಇಲ್ಲ?"

"ಅವರು ಕೇಳಲಿಲ್ಲ. ಅವರು ಬೇಡ ಅಂದ್ರು." ಒಮ್ಮೆ ಹೊರಟ ಮಾತು ನಿಲ್ಲಲಿಲ್ಲ. "ಹಾಳೆ ಆರಿಸಿದ ಮೇಲೆ ಕಾರಲ್ಲಿ ಕೂತು ಈ ಅಕ್ಷರದ ಮೇಲೆ ಬೆರಳಿಟ್ರು. 'ಇದನ್ನ ಹೀಗೇ ಬಿಟ್ಟುಬಿಡಿ ಅಣ್ಣ, ಏನೋ ಕಾರಣ ಇದ್ದೇ ಬರೆದಿರ್ತಾರೆ' ಅಂದ್ರು. ನಾನು, 'ನಮ್ಮ ಕೆಲಸ ನಮಗೆ ಬಿಡೀಮ್ಮ' ಅಂದೆ. ನಮ್ಮ ಭಾವ ಬೇಡ ಅಂತ ಕಲಿಸಿದ್ರು. ಅವರೂ ಬೇಡ ಅಂದ್ರು. ನಾನೇ ಮಾಡಿದ್ದು. ನನ್ನ ಕೈ ಎಷ್ಟು ನುಣುಪು ಅಂತ ತೋರಿಸೋಕೆ ಮಾಡಿದ್ದು. ಮಾರನೇ ದಿನ ಬಂದು ಹುಡುಕಿದ್ರು, ಎಲ್ಲಿ ಹೋಯ್ತು ಅಂತ. ಅವರಿಗೆ ಇಷ್ಟ ಆಗಿರಲಿಲ್ಲ. ನನ್ನ ಮನಸ್ಸು ನೋಯಿಸಬಾರದು ಅಂತ ನಕ್ಕರು."

ಕನ್ನಡಕದವನು ಅಲ್ಲಿದ್ದ ಹಾಳೆಯ ಸುರುಳಿಗಳ ಡಬ್ಬದ ಮೇಲೆ ಕುಸಿದು ಕುಳಿತ. ಡಬ್ಬ ಡೊಂಕಾಯಿತು. ನೆಲ ನೋಡುತ್ತ, "ಹೇಳೋಕೆ ಬಂದಿದ್ದು ಅದೇ" ಎಂದ. ಹಾಳೆಯಣ್ಣನಿಗಲ್ಲ. "ಅದನ್ನೇ ಹೇಳೋಕೆ ಬಂದ್ಲು. ನಾನು ನಿಲ್ಲಲಿಲ್ಲ." ಆಮೇಲೆ ಅತ್ತ. ಹದಿನಾಲ್ಕು ತಿಂಗಳು ಅಳದೆ ಇಟ್ಟುಕೊಂಡದ್ದನ್ನೆಲ್ಲ, ಪರರ ಅಂಗಡಿಯಲ್ಲಿ, ಹೆಂಡತಿಯ ಸಾವಿಗೆ ಕಾರಣನಾದವನ ಎದುರೇ ಕುಳಿತು ಅತ್ತ. ಹಾಳೆಯಣ್ಣನಿಗೆ ನೀರು ಕೊಡುವ ಯೋಗ್ಯತೆಯೂ ತನಗಿಲ್ಲ ಎನಿಸಿತು. ಆದರೂ ಲೋಟ ತುಂಬಿ ಹತ್ತಿರ ಇಟ್ಟ. ಆತ ಕುಡಿಯಲಿಲ್ಲ.

ಎದ್ದಾಗ ಮುಖ ಒರೆಸಿಕೊಂಡಿದ್ದ. "ನಾನು ದೂರು ಕೊಡಬಹುದು."

"ಕೊಡಿ. ಇಲ್ಲಿ ಹೇಳಿದ್ದನ್ನ ಅಲ್ಲೂ ಹೇಳ್ತೀನಿ."

"ಕೊಡ್ತೀನೋ ಇಲ್ವೋ ಗೊತ್ತಿಲ್ಲ. ಇವತ್ತು ಮನೆಗೆ ಹೋಗಿ ಒಂದು ಫೋಟೋ ನೆಟ್ಟಗೆ ಇಡಬೇಕು." ಪಟ್ಟಿಯನ್ನು ಮೆತ್ತನೆಯ ಬಟ್ಟೆಯ ಚೀಲಕ್ಕೆ ಹಾಕಿಕೊಂಡ. ಖಾಲಿ ಅಕ್ಷರಗಳನ್ನು ಒಮ್ಮೆ ಹೆಬ್ಬೆರಳಿನಿಂದ ಸವರಿದ. ಕಿತ್ತ ಹಾಳೆಯನ್ನು ಮುಟ್ಟಲಿಲ್ಲ. "ಅದು ನಿಮ್ಮದು" ಎಂದ. ಬಾಗಿಲಲ್ಲಿ ನಿಂತು, ತಿರುಗದೆ, "ನಿಮ್ಮನ್ನ ಕ್ಷಮಿಸಿದೀನಿ ಅಂತ ತಿಳ್ಕೋಬೇಡಿ" ಎಂದ. ಈ ಸಲ ಅಣ್ಣ ಎನ್ನಲಿಲ್ಲ.

ಬೆಳ್ಳಿ ಕಾರು ಹೋಯಿತು. ಹಾಳೆಯಣ್ಣ ಹಾಳೆಯನ್ನು ಎತ್ತಿಕೊಂಡ. ಎಸೆಯಲೋ, ಇಟ್ಟುಕೊಳ್ಳಲೋ, ಸುಡಲೋ ಎಂಬುದೊಂದೂ ಹೊಳೆಯದೆ ಅಂಟಿನ ಬದಿ ಬಲ ಅಂಗೈಗೆ ಒತ್ತುವಂತೆ ಬಿಗಿಯಾಗಿ ಹಿಡಿದುಕೊಂಡೇ ನಿಂತಿದ್ದ. ಅಂಟಿನ ಜಿಗುಟು ಇನ್ನೂ ಪೂರ್ತಿ ಸತ್ತಿರಲಿಲ್ಲ. ಬಿಡಿಸಲು ಹೋದರೆ ಕೈಗೆ ಹತ್ತಿಕೊಂಡಿತ್ತು. ಚರಕ್ಕನೆ ಎಳೆದಾಗ ಹಾಳೆ ಬಂತು, ಪುಟ್ಟಿ ಅಂಗೈಯಲ್ಲೇ ಉಳಿಯಿತು. ಹಾಳೆಯ ಬೆನ್ನಲ್ಲಿ ತಿರುವುಮುರುವಾಗಿದ್ದ ಅಕ್ಷರ ಅಂಗೈಯಲ್ಲಿ ನೇರವಾಗಿ ಮೂಡಿತ್ತು. ಎರಡು ಚೂರಾಗಿದ್ದವು, ಒಂದು ಅರ್ಧ ಉದುರಿತ್ತು, ಆದರೂ ಓದಬಹುದಿತ್ತು.

ಅವನು ತೊಳೆಯಲಿಲ್ಲ. ಅಂಗಡಿಯ ಬಾಗಿಲನ್ನು ಎಡಗೈಯಲ್ಲಿ ಎಳೆದು ಬೀಗ ಹಾಕಿದ. ನಡು ಮಧ್ಯಾಹ್ನ ಅಂಗಡಿ ಮುಚ್ಚಿದ್ದನ್ನು ಕಂಡು ಡೆಂಟರ್, "ಏನೋ, ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?" ಎಂದು ಕೂಗಿದ. ಅವನು ಬಲಗೈಯನ್ನು ಎದೆಯ ಮಟ್ಟಕ್ಕೆ, ತುಂಬಿದ ಲೋಟ ಹಿಡಿದವನಂತೆ ಹಿಡಿದುಕೊಂಡು ಮನೆಯವರೆಗೂ ನಡೆದ.

ಹೆಂಡತಿ ಅಡುಗೆಮನೆಯಲ್ಲಿ ತಟ್ಟೆ ಒರೆಸಿ ಜೋಡಿಸುತ್ತಿದ್ದಳು. ಹೊತ್ತಲ್ಲದ ಹೊತ್ತಿಗೆ ಬಂದ ಗಂಡನನ್ನು ಕಂಡು ಕೈಯಲ್ಲಿದ್ದ ತಟ್ಟೆಯನ್ನು ತಾನಾಗಿಯೇ ಅವನತ್ತ ಚಾಚಿದಳು, ಸವರಲಿ ಎಂದು. ಇಷ್ಟು ದಿನದಲ್ಲಿ ಅವಳಿಗೂ ಅದು ರೂಢಿಯಾಗಿತ್ತು. ಅವನು ತಟ್ಟೆ ತೆಗೆದುಕೊಳ್ಳಲಿಲ್ಲ. ಅವಳ ಮುಂದೆ ಅಂಗೈ ಬಿಚ್ಚಿದ.

"ಏನು ಹುಡುಕ್ತಿದೀರಿ ಅಂತ ಕೇಳ್ತಿದ್ದೆಯಲ್ಲ" ಎಂದ. "ಇದನ್ನೇ."

ಅವಳಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ತಟ್ಟೆಯನ್ನು ಕೆಳಗಿಟ್ಟು, ಅವನ ಕೈಯನ್ನು ತನ್ನ ಕೈಯೊಳಗೆ ಹಿಡಿದುಕೊಂಡು, "ಏನು ಬರೆದಿದೆ? ಓದಿ ಹೇಳಿ" ಎಂದಳು. ಹಾಳೆಯಣ್ಣ ನೆಲದ ಮೇಲೆ ಕುಳಿತು ಮೊದಲಿನಿಂದ ಹೇಳತೊಡಗಿದ.